ಹಳೆಯ ಸ್ಪೋರ್ಟಿ ಕಾರು ರಿಪೇರಿ ಮಾಡಿಸಲೋ, ಬಿಟ್ಟುಬಿಡಲೋ? ಪುಣೆಯ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದಿಂದ ಪುಣೆಗೆ ಬಂದು ನನಗೆ ಹತ್ತೊಂಬತ್ತು ವರ್ಷ. ಕೋಥ್ರೂಡಿನಲ್ಲಿ ಮನೆ. ಮನೆ ಕೆಳಗೆ ನಿಂತಿರುವುದು 2010ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಓಡಿಸಲು ಖುಷಿ ಕೊಡುವ ಕಾರು, ಅದಕ್ಕೇ ಇಷ್ಟು ವರ್ಷ ಬಿಟ್ಟಿಲ್ಲ. ಇಲ್ಲಿನ ನಮ್ಮ ಜನರಲ್ಲಿ ಇಂಥ ಕಾರು ಇಟ್ಟುಕೊಂಡವರು ಸಾಕಷ್ಟಿದ್ದಾರೆ. ಗ್ಯಾರೇಜಿನವರು ಎಸ್ಟಿಮೇಟ್ ಕೊಟ್ಟ ಸಂಜೆ ಫೋನ್ ಬರುತ್ತದೆ: "ಅಣ್ಣಾ, ಇಷ್ಟು ದುಡ್ಡು ಹಾಕೋದಾ, ಬೇಡ್ವಾ?" ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಅದಕ್ಕೆ ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ.

ಯಾವ ಥರದ ಕಾರುಗಳ ಬಗ್ಗೆ ಹೇಳುತ್ತಿದ್ದೀರಿ?

ಮೈ ಚಿಕ್ಕದು, ಪಿಕಪ್ ಜೋರು. ಪಾಲಿಯೊ 1.6, ಫಿಯೆಸ್ಟಾ 1.6, ಪುಂಟೊ, ಪೋಲೊ ಜಿಟಿ, ಬಲೆನೊ ಆರ್‌ಎಸ್, ಇಂಥವು. ಇವುಗಳಲ್ಲಿ ಕೆಲವು ನಮ್ಮ ಅಂಗಳದಲ್ಲೇ ಹುಟ್ಟಿದವು. ಪೋಲೊ ತಯಾರಾಗಿದ್ದು ಚಾಕಣದಲ್ಲಿ, ಪುಂಟೊ ರಾಂಜಣಗಾವದಲ್ಲಿ, ಪಾಲಿಯೊ ಶುರುವಿನಲ್ಲಿ ಮುಂಬೈನ ಕುರ್ಲಾದಲ್ಲಿ. ಇವ್ಯಾವುವೂ ಈಗ ಹೊಸದಾಗಿ ಶೋರೂಮಿನಲ್ಲಿ ಸಿಗುವುದಿಲ್ಲ. ಪೋಲೊ ಕೂಡ 2022ರಲ್ಲಿ ನಿಂತಿತು. ಇದನ್ನು ನೆನಪಿಡಿ, ಮುಂದಿನ ಲೆಕ್ಕದಲ್ಲಿ ಬರುತ್ತದೆ.

ಎಸ್ಟಿಮೇಟ್ ಕಾರಿನ ಬೆಲೆಯ ಹತ್ತಿರ ಬಂದಿದೆ. ಮಾರಿಬಿಡುವುದೇ ಸರಿ ಅಲ್ವಾ?

ಎಲ್ಲರೂ ಮೊದಲು ಎಡವುವುದು ಇಲ್ಲೇ. "ಕಾರಿನ ಬೆಲೆ ಒಂದೂವರೆ ಲಕ್ಷ, ರಿಪೇರಿಗೆ ಒಂದು ಲಕ್ಷ, ಯಾರು ಹಾಕ್ತಾರೆ?" ಅನ್ನುತ್ತಾರೆ. ಕೇಳಲು ಸರಿ ಅನಿಸುತ್ತದೆ. ಆದರೆ ಆ ಒಂದೂವರೆ ಲಕ್ಷ ನಿಮ್ಮ ಕಾರನ್ನು ಕೊಳ್ಳುವವನು ಕೊಡುವ ದುಡ್ಡು. ನೀವು ಹೋಲಿಸಬೇಕಾದ್ದು ಅದಕ್ಕಲ್ಲ. ಈ ಕಾರು ಹೋದರೆ ಅದರ ಜಾಗಕ್ಕೆ ಏನು ತರುತ್ತೀರಿ, ಅದಕ್ಕೆ ಎಷ್ಟು ಬೀಳುತ್ತದೆ, ಅದಕ್ಕೆ ಹೋಲಿಸಿ.

ಒಂದೂವರೆ ಲಕ್ಷಕ್ಕೆ ಸಿಗುವುದು ಇನ್ನೊಬ್ಬರು ಓಡಿಸಿ ಬಿಟ್ಟ ಹಳೆ ಕಾರು. ನಿಮ್ಮ ಕಾರಿನ ಕ್ಲಚ್ ಯಾವಾಗ ಬದಲಾಯಿತು, ಯಾವ ಗುಂಡಿಗೆ ಬಿದ್ದಿತ್ತು ಎಂದು ನಿಮಗೆ ಗೊತ್ತು. ಆ ಕಾರಿನದು ಏನೂ ಗೊತ್ತಿಲ್ಲ. ಅದಕ್ಕೂ ಮೊದಲ ವರ್ಷ ಟೈರು, ಬ್ಯಾಟರಿ, ಬೆಲ್ಟು ಎಂದು ಹಾಕುತ್ತಲೇ ಇರಬೇಕು.

ಹೊಸದು ತರುತ್ತೀರಾ? ಅಷ್ಟೇ ಓಟ ಕೊಡುವ ಟರ್ಬೊ ಹ್ಯಾಚ್‌ಬ್ಯಾಕ್ ಅಂದರೆ ಹತ್ತು ಲಕ್ಷದ ಆಜೂಬಾಜು. ಮೂರು ಲಕ್ಷ ಕೈಯಿಂದ ಹಾಕಿ, ಏಳು ಲಕ್ಷ ಸಾಲ ತೆಗೆದಿರಿ ಅಂತಿಟ್ಟುಕೊಳ್ಳಿ. ಶೇಕಡಾ 9 ಬಡ್ಡಿ, ಐದು ವರ್ಷ. ತಿಂಗಳಿಗೆ ಸುಮಾರು 14,530 ರೂ. ಕಂತು. ಐದು ವರ್ಷದಲ್ಲಿ ಬಡ್ಡಿಯೇ 1.7 ಲಕ್ಷ ದಾಟುತ್ತದೆ. ಒಂದು ಲಕ್ಷದ ರಿಪೇರಿ ಅಂದರೆ ಏಳು ತಿಂಗಳ ಕಂತು. ರಿಪೇರಿ ಆದ ಕಾರು ಎರಡು ವರ್ಷ ಸರಿಯಾಗಿ ಓಡಿದರೂ ದುಡ್ಡು ದಕ್ಕಿತು.

2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಕಾರುಗಳ ಜಿಎಸ್‌ಟಿ 18 ಪರ್ಸೆಂಟಿಗೆ ಇಳಿಯಿತು. ನಾಲ್ಕು ಮೀಟರಿನೊಳಗೆ, 1200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ ಇದು ಸಿಗುತ್ತದೆ. ಹೊಸದು ಅಗ್ಗವಾಯಿತು, ನಿಜ. ಆದರೆ ಬಿಡಿಭಾಗಗಳ ಜಿಎಸ್‌ಟಿಯೂ ಆಗಲೇ 18ಕ್ಕೆ ಬಂತು. ಹಾಗಾಗಿ ಹಳೆಯ ಕಾರಿನವರಿಗೂ ಸ್ವಲ್ಪ ಉಸಿರಾಡಲು ಜಾಗ ಸಿಕ್ಕಿದೆ.

ಕಾರು ಎಷ್ಟು ಓಡುತ್ತದೆ ಅನ್ನುವುದನ್ನೂ ಹಿಡಿಯಿರಿ. ವನಾಜ್‌ನಿಂದ ರಾಮವಾಡಿವರೆಗೆ ಮೆಟ್ರೊ ಬಂದ ಮೇಲೆ ನನ್ನ ಕಾರು ವಾರಕ್ಕೆ ಎರಡು ದಿನ ಆಚೆ ಬಂದರೆ ಹೆಚ್ಚು. ಎರಡು ದಿನದ ಓಡಾಟಕ್ಕೆ ತಿಂಗಳಿಗೆ ಹದಿನಾಲ್ಕು ಸಾವಿರ ಕಟ್ಟಲು ನನಗೆ ಮನಸ್ಸು ಬರುವುದಿಲ್ಲ.

ಸರಿ, ಗ್ಯಾರೇಜಿನಲ್ಲಿ ಮೊದಲು ಇಂಜಿನ್ ನೋಡಿಸಬೇಕು ಅಲ್ವಾ?

ಅಲ್ಲ. ಮೊದಲು ಕಾರನ್ನು ಲಿಫ್ಟ್ ಮೇಲೆ ಏರಿಸಿ, ಕೆಳಗೆ ನಿಂತು ಬಾಡಿ ನೋಡಿ. ಇಂಜಿನ್ ಬದಲಿಸಬಹುದು, ಗೇರ್‌ಬಾಕ್ಸ್ ಬದಲಿಸಬಹುದು. ಲಾರಿಗೆ ಇದ್ದ ಹಾಗೆ ಈ ಕಾರುಗಳಿಗೆ ಬೇರೆ ಚಾಸಿ ಇರುವುದಿಲ್ಲ. ಬಾಡಿಯೇ ಚಾಸಿ. ಅದು ತುಕ್ಕು ತಿಂದು ಟೊಳ್ಳಾದರೆ ಮೇಲೆ ಎಷ್ಟು ಚಂದದ ಇಂಜಿನ್ ಕೂರಿಸಿದರೂ ಪ್ರಯೋಜನ ಇಲ್ಲ.

ನಾನು ಹೋಗುವ ಗ್ಯಾರೇಜಿನ ಕಾಕಾಗೆ ಅರವತ್ತು ದಾಟಿದೆ. ಅವರ ಪದ್ಧತಿ ಹೀಗೆ. ಸ್ಕ್ರೂಡ್ರೈವರ್ ತಿರುಗಿಸಿ ಹಿಡಿದು, ಹಿಡಿಕೆಯಿಂದ ಬಾಗಿಲ ಕೆಳಗಿನ ಉದ್ದ ಪಟ್ಟಿಯನ್ನು ಮುಂದಿನಿಂದ ಹಿಂದಕ್ಕೆ ತಟ್ಟುತ್ತಾ ಹೋಗುತ್ತಾರೆ. ತಗಡು ಗಟ್ಟಿ ಇದ್ದಲ್ಲಿ "ಟಣ್" ಅನ್ನುತ್ತದೆ. ತುಕ್ಕು ಹಿಡಿದಲ್ಲಿ "ದಪ್" ಅನ್ನುತ್ತದೆ, ಒಣ ಮಣ್ಣಿನ ಹಾಗೆ ಕೆಂಪು ಪುಡಿ ಉದುರುತ್ತದೆ. ಜಾಕ್ ಕೊಡುವ ಜಾಗದಲ್ಲಿ ಎರಡು ಸಲ ಜಾಸ್ತಿ ತಟ್ಟುತ್ತಾರೆ. ಆಮೇಲೆ ಬಾನೆಟ್ ಎತ್ತಿ, ಎರಡೂ ಬದಿ ಶಾಕ್ ಅಬ್ಸಾರ್ಬರಿನ ಮೇಲ್ತುದಿ ಕೂರುವ ಜಾಗದಲ್ಲಿ ಬೆರಳಾಡಿಸುತ್ತಾರೆ. ಅಲ್ಲಿ ಬಿರುಕೋ ಕಿತ್ತುಬಂದ ವೆಲ್ಡಿಂಗೋ ಇದ್ದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ನನ್ನ ಕಾರನ್ನು ಹೀಗೆ ಪೂರ್ತಿ ತಟ್ಟಿ ನೋಡಿ ಅವರು ಹೇಳಿದ್ದು ಎರಡೇ ಮಾತು: "ಬಾಡಿ ಚಾಂಗಲಿ ಆಹೆ. ಕಾಮ್ ಕರಾ." ಬಾಡಿ ಚೆನ್ನಾಗಿದೆ, ಕೆಲಸ ಮಾಡಿಸಿ ಅಂತ. ನನಗೆ ಅರ್ಧ ಧೈರ್ಯ ಬಂದಿದ್ದು ಆಗಲೇ.

ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದಾರೋ ಎಂದು ನೋಡಲು ಸಣ್ಣ ಮ್ಯಾಗ್ನೆಟ್ ಸಾಕು. ಕರ್ಚೀಫಿನಲ್ಲಿ ಸುತ್ತಿ ತಗಡಿಗೆ ಹಿಡಿಯಿರಿ. ಅಂಟಿಕೊಳ್ಳದ ಜಾಗದಲ್ಲಿ ಒಳಗೆ ಪುಟ್ಟಿ ಇದೆ. ಬಂಪರ್ ಪ್ಲಾಸ್ಟಿಕ್, ಅಲ್ಲಿ ಅಂಟುವುದಿಲ್ಲ, ಗಾಬರಿ ಬೇಡ.

ಮುಂಬೈ, ಗೋವಾದಲ್ಲಿ ವರ್ಷಗಟ್ಟಲೆ ಇದ್ದ ಕಾರಾದರೆ ಈ ಪರೀಕ್ಷೆಯನ್ನು ಇನ್ನೂ ನಿಧಾನವಾಗಿ ಮಾಡಿ. ಸಮುದ್ರದ ಉಪ್ಪು ಗಾಳಿ ತಗಡನ್ನು ಬೇಗ ತಿನ್ನುತ್ತದೆ. ಪುಣೆಯ ಕಾರುಗಳಲ್ಲಿ ನಾನು ಕಂಡಿದ್ದು ಬೇರೆ ಥರ. ಮರದ ಕೆಳಗೆ ನಿಂತು, ವೈಪರ್ ಬುಡದಲ್ಲಿ ಎಲೆ ಕೊಳೆತು, ನೀರು ಹೋಗುವ ತೂತು ಕಟ್ಟಿಕೊಂಡಿರುತ್ತದೆ. ಮಳೆಗಾಲ ಪೂರ್ತಿ ನೀರು ಕಾರಿನೊಳಗೆ ಇಳಿಯುತ್ತದೆ. ಕಾಲಡಿಯ ಕಾರ್ಪೆಟ್ ಎತ್ತಿ ಕೈಯಿಂದ ಒತ್ತಿ ನೋಡಿ. ಒದ್ದೆ ಇದ್ದರೆ ಮೊದಲು ಆ ತೂತು ಬಿಡಿಸಿ. ಅದಕ್ಕೆ ದುಡ್ಡೂ ಬೇಡ.

ಕಾರು ಒಮ್ಮೆ ನೆರೆ ನೀರಲ್ಲಿ ನಿಂತಿತ್ತು. ಈಗ ರಿಪೇರಿ ಮಾಡಿಸಬಹುದಾ?

ಪುಣೆಯಲ್ಲಿ ಇದು ಕೇಳಲೇಬೇಕಾದ ಪ್ರಶ್ನೆ. 2019ರ ಸೆಪ್ಟೆಂಬರ್ 25ರ ರಾತ್ರಿ ಆಂಬಿಲ್ ಓಢಾ ಎಂಬ ಹಳ್ಳ ಉಕ್ಕಿ ಕಾರುಗಳು ತೇಲಿದ್ದು ಇಲ್ಲಿ ಯಾರೂ ಮರೆತಿಲ್ಲ. 2024ರ ಜುಲೈನಲ್ಲಿ ಸಿಂಹಗಡ ರೋಡಿನ ಏಕತಾ ನಗರಿಯಲ್ಲಿ ನೀರು ನುಗ್ಗಿತು.

ನೀರು ಬಾಗಿಲ ಹೊಸಿಲವರೆಗೆ ಮಾತ್ರ ಬಂದಿದ್ದರೆ ಕಾರ್ಪೆಟ್ ಕಿತ್ತು ಒಣಗಿಸಿ ಉಳಿಸಿಕೊಳ್ಳಬಹುದು. ಡ್ಯಾಶ್‌ಬೋರ್ಡ್ ಮಟ್ಟಕ್ಕೆ ಬಂದಿದ್ದರೆ ಹಳೆಯ ಕಾರಿನ ಮಟ್ಟಿಗೆ ನನ್ನ ಮಾತು ಒಂದೇ: ಬೇಡ. ವೈರಿಂಗ್ ಕನೆಕ್ಟರುಗಳಲ್ಲಿ ಹಸಿರು ಕಿಲುಬು ಹಿಡಿದು, ಒಂದು ವರ್ಷ ಆದ ಮೇಲೂ ಒಂದೊಂದೇ ಕೈಕೊಡುತ್ತವೆ. ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಮೇಲೆ ತೊಳೆದಿರುತ್ತಾರೆ, ಒಳಗೆ ಸುತ್ತಿಕೊಂಡ ಭಾಗದಲ್ಲಿ ಕೆಸರಿನ ಗೆರೆ ಹಾಗೇ ಉಳಿದಿರುತ್ತದೆ.

ನೀರಲ್ಲಿ ನಿಂತ ಕಾರಿಗೆ ಸೆಲ್ಫ್ ಹೊಡೆಯಲೇಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಇಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ಕವರ್ ಸೇರಿಸದ ಸಾಮಾನ್ಯ ಇನ್ಶೂರೆನ್ಸ್ ಪಾಲಿಸಿಯಲ್ಲಿ ಅದಕ್ಕೆ ದುಡ್ಡು ಸಿಗುವುದಿಲ್ಲ.

"ಇಂಜಿನ್ ಹೋಗಿದೆ" ಅಂತ ಮೆಕ್ಯಾನಿಕ್ ಹೇಳುತ್ತಾರೆ. ನಂಬುವುದು ಹೇಗೆ?

ಕಂಪ್ರೆಷನ್ ಟೆಸ್ಟ್, ಅಂದರೆ ಸಿಲಿಂಡರಿನೊಳಗಿನ ಒತ್ತಡದ ಅಳತೆ, ಮಾಡಿಸಿ, ನಾಲ್ಕೂ ಸಿಲಿಂಡರಿನ ಅಂಕಿ ಬರೆಸಿಕೊಳ್ಳಿ. ಸ್ಪಾರ್ಕ್ ಪ್ಲಗ್ ತೆಗೆದು ಆ ತೂತಿಗೆ ಗೇಜ್ ಹಾಕಿ ಸೆಲ್ಫ್ ಹೊಡೆಯುವುದು, ಅಷ್ಟೇ. ಅರ್ಧ ಗಂಟೆಯ ಕೆಲಸ. ಟರ್ಬೊ ಇಲ್ಲದ ಆರೋಗ್ಯವಂತ ಪೆಟ್ರೋಲ್ ಇಂಜಿನ್ ಸಾಮಾನ್ಯವಾಗಿ 150ರಿಂದ 190 ಪಿಎಸ್‌ಐ ತೋರಿಸುತ್ತದೆ. ಅದಕ್ಕಿಂತ ಮುಖ್ಯ ಅಂದರೆ ನಾಲ್ಕೂ ಹತ್ತಿರ ಹತ್ತಿರ ಇರಬೇಕು. ವ್ಯತ್ಯಾಸ ಹತ್ತು-ಹದಿನೈದು ಪರ್ಸೆಂಟ್ ದಾಟಬಾರದು. ಒಂದು ಸಿಲಿಂಡರ್ ಕಮ್ಮಿ ಬಂದರೆ ಅದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಲಿ. ಅಂಕಿ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಅದು ದೊಡ್ಡ ಖರ್ಚು. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಅದು ಹೆಡ್ (ಸಿಲಿಂಡರುಗಳ ಮೇಲೆ ಕೂರುವ ಭಾಗ) ಇಳಿಸಿ ಮಾಡುವ ಕೆಲಸ, ಪೂರ್ತಿ ಇಂಜಿನ್ ಬಿಚ್ಚಬೇಕಿಲ್ಲ.

ಹೊಗೆಯೂ ಹೇಳುತ್ತದೆ. ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಒಂದು ಬುಗ್ಗೆ ಬಂದು ನಿಂತರೆ ಬಹುಶಃ ವಾಲ್ವ್ ಸೀಲ್, ಅಷ್ಟು ಹೆದರಬೇಕಿಲ್ಲ. ಇಂಜಿನ್ ಬಿಸಿಯಾದ ಮೇಲೂ ಬಿಡದ ಬಿಳಿ ಹೊಗೆ, ಅದಕ್ಕೊಂದು ಸಿಹಿ ವಾಸನೆ ಇದ್ದರೆ ಕೂಲಂಟ್ ಒಳಗೆ ಸೋರುತ್ತಿದೆ. ಕಪ್ಪು ಹೊಗೆಗೆ ಹೆಚ್ಚಾಗಿ ಸೆನ್ಸರೋ ಇಂಜೆಕ್ಟರೋ ಕಾರಣ.

ಹೆಡ್ ಗ್ಯಾಸ್ಕೆಟ್ ಅನುಮಾನ ಇದ್ದರೆ ಇಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ಬಿಡದೆ ಗುಳ್ಳೆ ಬರುತ್ತಿದ್ದರೆ ಸಿಲಿಂಡರಿನ ಗ್ಯಾಸ್ ಕೂಲಂಟಿಗೆ ನುಗ್ಗುತ್ತಿದೆ. ಬಿಸಿ ಇರುವಾಗ ಮುಚ್ಚಳ ಮುಟ್ಟಬೇಡಿ, ಮುಖಕ್ಕೆ ಹಾರುತ್ತದೆ.

ಟರ್ಬೊ ಇದೆ, ಇಲ್ಲವೇ ಡ್ಯೂಯಲ್ ಕ್ಲಚ್ ಆಟೊಮ್ಯಾಟಿಕ್ ಇದೆ. ಆಗ?

ಆಗ ಲೆಕ್ಕ ಬಿಗಿ ಆಗುತ್ತದೆ. ಟರ್ಬೊ ಒಂದೇ ಹೋಗಿದ್ದರೆ ಹೆದರಬೇಡಿ, ಅದನ್ನು ಬಿಚ್ಚಿ ರಿಪೇರಿ ಮಾಡುವವರಿದ್ದಾರೆ. ಆದರೆ ಯಾಕೆ ಹೋಯಿತು ಎಂದು ಕೇಳಿ. ಆಯಿಲ್ ಪೈಪ್ ಕಟ್ಟಿಕೊಂಡು ಹೋಗಿದ್ದರೆ, ಅದನ್ನು ಸರಿಮಾಡದೆ ಹಾಕಿದ ಹೊಸ ಟರ್ಬೊ ಕೂಡ ಹೋಗುತ್ತದೆ.

ಡ್ಯೂಯಲ್ ಕ್ಲಚ್ ಗೇರ್‌ಬಾಕ್ಸ್ ಬಗ್ಗೆ ನಾನು ಕಟ್ಟುನಿಟ್ಟು. ಕ್ಲಚ್ ಪ್ಯಾಕ್, ಜೊತೆಗೆ ಮೆಕಾಟ್ರಾನಿಕ್ ಎಂಬ ಗೇರ್ ಬದಲಿಸುವ ಘಟಕ, ಎರಡೂ ಒಟ್ಟಿಗೆ ಹೋಗಿದ್ದರೆ ಬಿಲ್ಲು ಕಾರಿನ ಬೆಲೆಯನ್ನೇ ಮುಟ್ಟಬಹುದು. ಸ್ಕ್ಯಾನರ್ ಹಾಕಿ ಬಂದ ಎರರ್ ಕೋಡ್‌ಗಳ ಪ್ರಿಂಟ್ ತೆಗೆದುಕೊಳ್ಳಿ. ಅದೇ ಗೇರ್‌ಬಾಕ್ಸಿನ ಕೆಲಸ ದಿನಾ ಮಾಡುವ ಇನ್ನೊಬ್ಬರಿಗೆ ತೋರಿಸಿ, ಆಮೇಲೆ ತೀರ್ಮಾನ ಮಾಡಿ. ಒಬ್ಬರ ಮಾತಿನ ಮೇಲೆ ಹೂಂ ಅನ್ನಬೇಡಿ.

ಎಸ್ಟಿಮೇಟ್ ಚೀಟಿಯನ್ನು ಓದುವುದು ಹೇಗೆ?

ನನ್ನದನ್ನೇ ಬಿಚ್ಚಿಡುತ್ತೇನೆ. 2023ರ ಮೇ ತಿಂಗಳು, ಧಾರವಾಡಕ್ಕೆ ಹೊರಟಿದ್ದೆವು. ಖಂಬಾಟಕಿ ಘಾಟ್ ಏರುವಾಗ ಟೆಂಪರೇಚರ್ ಮುಳ್ಳು ಮೇಲೆ ಹೋಯಿತು. ಹಿಂದೆ ಲಾರಿ ಸಾಲು, ನಿಲ್ಲಿಸಲು ಜಾಗ ಹುಡುಕುತ್ತಾ ಇನ್ನೂ ಎರಡು ಕಿಲೋಮೀಟರ್ ಓಡಿಸಿದೆ. ಕೈಕೊಟ್ಟಿದ್ದು ರೇಡಿಯೇಟರ್ ಫ್ಯಾನ್, ಆದರೆ ಆ ಎರಡು ಕಿಲೋಮೀಟರಿನಲ್ಲಿ ಹೆಡ್ ಬಾಗಿತು. ಮುಳ್ಳು ಕೆಂಪಿಗೆ ಬಂದ ಕ್ಷಣ ಇಂಜಿನ್ ಆಫ್ ಮಾಡಿ, ದಯವಿಟ್ಟು. ಹಾರ್ನ್ ಹೊಡೆಯುವವರು ಹೊಡೆಯಲಿ.

ಟೋ ಮಾಡಿಸಿ ವಾಪಸ್ ತಂದೆವು. ಎಸ್ಟಿಮೇಟ್ 1,12,000 ರೂ. ಆಗ ಕಾರಿಗೆ ಬರುತ್ತಿದ್ದ ಬೆಲೆ 1,60,000. ಚೀಟಿಯಲ್ಲಿದ್ದದ್ದು ಇಷ್ಟು: ಹೆಡ್ ಇಳಿಸಿ ಫೇಸಿಂಗ್ (ಬಾಗಿದ್ದನ್ನು ಉಜ್ಜಿ ಸಮ ಮಾಡುವುದು), ಗ್ಯಾಸ್ಕೆಟ್, ವಾಲ್ವ್ ಸೀಲ್ ಸೇರಿ 28,000. ರೇಡಿಯೇಟರ್, ಫ್ಯಾನ್, ವಾಟರ್ ಪಂಪ್, ಥರ್ಮೋಸ್ಟಾಟ್, ಹೋಸ್ ಪೈಪು 17,500. ಟೈಮಿಂಗ್ ಬೆಲ್ಟ್ ಸೆಟ್ 9,000. ಕ್ಲಚ್ 14,500. ಸಸ್ಪೆನ್ಷನ್ 19,000. ಟಿಂಕರಿಂಗ್, ಪೇಂಟಿಂಗ್ 24,000.

ಒಟ್ಟು ಮೊತ್ತ ನೋಡಿದರೆ ಎದೆ ಧಸಕ್ ಅನ್ನುತ್ತದೆ. ಹಾಗಾಗಿ ಕಾಕಾ ಎದುರು ಕೂತು ಒಂದೊಂದು ಸಾಲಿಗೂ ಕೇಳಿದೆ: "ಇದು ಈಗಲೇ ಬೇಕಾ? ಆರು ತಿಂಗಳು ತಡೆಯುತ್ತಾ? ಮಾಡಿಸದಿದ್ದರೆ ಏನಾಗುತ್ತೆ?" ಹೆಡ್, ಕೂಲಿಂಗ್, ಟೈಮಿಂಗ್ ಬೆಲ್ಟ್ ಈಗಲೇ. ಬೆಲ್ಟ್ ಯಾಕೆ ಅಂದರೆ ಹೆಡ್ ಇಳಿಸುವಾಗ ಅದನ್ನು ಹೇಗೂ ಬಿಚ್ಚುತ್ತಾರೆ. ಹಳೆಯದನ್ನೇ ಹಾಕಿ ಅದು ಮುಂದೆ ತುಂಡಾದರೆ ವಾಲ್ವ್ ಪಿಸ್ಟನ್ನಿಗೆ ಬಡಿದು ಮಾಡಿಸಿದ್ದೆಲ್ಲ ನೀರುಪಾಲು. ಸಸ್ಪೆನ್ಷನ್‌ನಲ್ಲಿ ಲೋಯರ್ ಆರ್ಮ್‌ಗಳ ಬಾಲ್ ಜಾಯಿಂಟ್ ಸಡಿಲಾಗಿತ್ತು. ಅದು ಕಳಚಿದರೆ ಚಕ್ರವೇ ಮಡಚಿಕೊಳ್ಳುತ್ತದೆ, ಹಾಗಾಗಿ ಆ 6,500 ಕೂಡ ಈಗಲೇ. ಇಷ್ಟಕ್ಕೆ 61,000 ಆಯಿತು. ಶಾಕ್ ಅಬ್ಸಾರ್ಬರ್ ಮತ್ತು ಕ್ಲಚ್, ಒಟ್ಟು 27,000, ದೀಪಾವಳಿ ಕಳೆದ ಮೇಲೆ ಮಾಡಿಸಿದೆ. ಪೇಂಟಿಂಗ್ ಇವತ್ತಿಗೂ ಮಾಡಿಸಿಲ್ಲ. ಎಡಗಡೆ ಬಾಗಿಲ ಮೇಲೆ ಗೀರು ಹಾಗೇ ಇದೆ, ಕಾರು ಓಡುತ್ತಿದೆ.

ಚೀಟಿಯಲ್ಲಿ ಪಾರ್ಟ್ ಬೇರೆ, ಲೇಬರ್ ಬೇರೆ ಬರೆಸಿ. ಪಾರ್ಟ್ ಕಂಪನಿಯದೋ, ಹೊರಗಿನದೋ ಎಂದೂ ಬರೆಸಿ. "ಇತರೆ" ಎಂದು ದೊಡ್ಡ ಮೊತ್ತ ಇದ್ದರೆ ಅದನ್ನು ಬಿಡಿಸಿ ಬರೆಯಲು ಹೇಳಿ.

ಕಂಪನಿ ಸರ್ವಿಸ್ ಸೆಂಟರಾ, ಹೊರಗಿನ ಗ್ಯಾರೇಜಾ?

ಹತ್ತು ವರ್ಷ ದಾಟಿದ ಕಾರಿಗೆ ನನ್ನ ಒಲವು ಹೊರಗಿನ ಒಳ್ಳೆಯ ಗ್ಯಾರೇಜಿನ ಕಡೆ. ಸರ್ವಿಸ್ ಸೆಂಟರಿನಲ್ಲಿ ಹೆಚ್ಚಾಗಿ ಇಡೀ ಅಸೆಂಬ್ಲಿ ಬದಲಿಸುತ್ತಾರೆ. ಹೊರಗೆ ಬುಷ್ ಒಂದನ್ನೇ ಒತ್ತಿ ಕೂರಿಸುವ ಕೈಗಳಿವೆ. ಆದರೆ ಏರ್‌ಬ್ಯಾಗ್, ಎಬಿಎಸ್, ಕೀ ಕೋಡಿಂಗ್ ಇಂಥವಕ್ಕೆ ಕಂಪನಿಗೇ ಹೋಗಿ.

ಬಿಡಿಭಾಗ ಸಿಗುತ್ತಾ? ಕಂಪನಿಯೇ ಈ ಕಾರು ನಿಲ್ಲಿಸಿದೆಯಲ್ಲ?

ಮಾಡೆಲ್ ನಿಂತರೂ ಒಳಗಿನ ಸಾಮಾನು ಬೇರೆ ಕಾರುಗಳಲ್ಲಿ ಬದುಕಿರುತ್ತದೆ. ರಾಂಜಣಗಾವದಲ್ಲಿ ತಯಾರಾದ 1.3 ಮಲ್ಟಿಜೆಟ್ ಡೀಸೆಲ್ ಇಂಜಿನ್ ಪುಂಟೊದಲ್ಲಿತ್ತು, ಟಾಟಾ ಕಾರುಗಳಲ್ಲೂ ಇತ್ತು. ಅದೇ ಇಂಜಿನ್ನನ್ನು ಮಾರುತಿ ಲೈಸೆನ್ಸ್ ಪಡೆದು ಸ್ವಿಫ್ಟ್‌ಗೆ ಹಾಕಿತು. ಹಾಗಾಗಿ ಅದರ ಸಾಮಾನು ಇವತ್ತಿಗೂ ಕಷ್ಟವಿಲ್ಲದೆ ಸಿಗುತ್ತದೆ. ಆದರೆ ಅಬಾರ್ಥ್ ಪುಂಟೊದ 1.4 ಟಿ-ಜೆಟ್ ಪೆಟ್ರೋಲ್ ಇಂಜಿನ್ ತಗೊಳ್ಳಿ, ನಮ್ಮಲ್ಲಿ ಓಡಿದ್ದೇ ಕಮ್ಮಿ, ಹುಡುಕಾಟ ಜಾಸ್ತಿ.

ರಿಪೇರಿಗೆ ಹೂಂ ಅನ್ನುವ ಮುಂಚೆಯೇ ನಾನಾ ಪೇಠೆಯ ಅಂಗಡಿಗಳಲ್ಲಿ ವಿಚಾರಿಸಿ. ಪಾರ್ಟ್ ನಂಬರ್ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಕಾರಿನ ಹೆಸರು ಹೇಳಿದರೆ "ನಾಹೀ" ಅನ್ನುವ ಅಂಗಡಿಯವರೇ ನಂಬರ್ ತೋರಿಸಿದರೆ ಒಳಗಿನಿಂದ ಡಬ್ಬಿ ತಂದುಕೊಟ್ಟಿದ್ದುಂಟು. ಹೆಡ್‌ಲೈಟ್, ಬಂಪರ್, ಬಾಗಿಲ ರಬ್ಬರ್ ಬೀಡಿಂಗ್ ಇವೇ ಕೊನೆಗೆ ಸಿಗದೆ ಸತಾಯಿಸುತ್ತವೆ. ಇಂಜಿನ್ ಸಾಮಾನಿಗಿಂತ ಇವು ಕಷ್ಟ.

ಹದಿನೈದು ವರ್ಷ ಆದರೆ ಕಾರು ಸ್ಕ್ರ್ಯಾಪ್ ಮಾಡಲೇಬೇಕಂತೆ, ನಿಜವಾ?

ಇಲ್ಲ. ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಎಂಬ ಗಲಾಟೆ ದೆಹಲಿ ಸುತ್ತಮುತ್ತಲಿನದು. ಪುಣೆಯಲ್ಲಿ ಹಾಗಿಲ್ಲ. ಸ್ವಂತ ಬಳಕೆಯ ಕಾರಿನ ಆರ್‌ಸಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಕಾರು ಫಿಟ್ ಇದ್ದರೆ ಐದೈದು ವರ್ಷಕ್ಕೆ ರಿನ್ಯೂ ಮಾಡಿಸಬಹುದು. ಅರ್ಜಿ ಫಾರ್ಮ್ 25. ಮುಗಿಯುವ ದಿನಕ್ಕೆ 60 ದಿನ ಇರುವಾಗಿನಿಂದ ಹಾಕಬಹುದು. ಕಾರಿಗೆ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂ. ಇಪ್ಪತ್ತು ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ 10,000 ಮಾಡಿದರು. ತಡಮಾಡಿದರೆ ತಿಂಗಳಿಗೆ 500 ದಂಡ. ಮಹಾರಾಷ್ಟ್ರದ ಪರಿಸರ ತೆರಿಗೆ ಬೇರೆ. 2019ರ ಏಪ್ರಿಲ್‌ಗಿಂತ ಹಳೆಯ ಕಾರಿಗೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟೂ ಹಾಕಿಸಿರಬೇಕು.

ನನ್ನದು ಕಳೆದ ವರ್ಷ ರಿನ್ಯೂ ಆಯಿತು. ಇನ್ಸ್‌ಪೆಕ್ಷನ್‌ಗೆ ಹೋಗುವ ಮುಂಚೆ ಲೈಟು, ಹಾರ್ನು, ವೈಪರು, ಪಿಯುಸಿ ಎಲ್ಲ ಸರಿ ಇರಲಿ. ಟೈರಿನ ಗೆರೆಯ ಆಳ 1.6 ಮಿಲಿಮೀಟರಿಗಿಂತ ಕಮ್ಮಿ ಇರಬಾರದು.

ಹದಿನಾಲ್ಕನೇ ವರ್ಷದಲ್ಲಿ ದೊಡ್ಡ ರಿಪೇರಿ ಬಂದರೆ ಈ ಖರ್ಚನ್ನೂ ಎಸ್ಟಿಮೇಟ್ ಪಕ್ಕದಲ್ಲಿ ಬರೆದುಕೊಂಡು ಒಟ್ಟು ನೋಡಿ.

ಇ20 ಪೆಟ್ರೋಲ್ ಹಾಕಿದರೆ ಹಳೆಯ ಇಂಜಿನ್ ಹಾಳಾಗುತ್ತಾ?

ಇ20 ಅಂದರೆ 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್. 2023ರ ಏಪ್ರಿಲ್‌ಗಿಂತ ಹಿಂದಿನ ಹೆಚ್ಚಿನ ಕಾರುಗಳು ಇದಕ್ಕೆ ಎಂದು ಮಾಡಿದವಲ್ಲ. ಮೈಲೇಜ್ ಸ್ವಲ್ಪ ಇಳಿಯುತ್ತದೆ, ಯಾಕೆಂದರೆ ಎಥನಾಲ್‌ನಲ್ಲಿ ಪೆಟ್ರೋಲ್‌ಗಿಂತ ಶಕ್ತಿ ಕಮ್ಮಿ. ಅದು ನೀರನ್ನೂ ಎಳೆದುಕೊಳ್ಳುತ್ತದೆ. ಹಳೆಯ ರಬ್ಬರ್ ಪೈಪು, ಓ-ರಿಂಗುಗಳ ಮೇಲೆ ನಿಗಾ ಇರಲಿ. ನಾನು ಫ್ಯುಯೆಲ್ ಪೈಪುಗಳನ್ನು ಬದಲಿಸಿದೆ, ದೊಡ್ಡ ಖರ್ಚಲ್ಲ. ಕಾರನ್ನು ತಿಂಗಳುಗಟ್ಟಲೆ ಅರ್ಧ ಟ್ಯಾಂಕಿನಲ್ಲಿ ನಿಲ್ಲಿಸಬೇಡಿ. ಪೆಟ್ರೋಲ್ ವಾಸನೆ ಬಂದರೆ ಅವತ್ತೇ ತೋರಿಸಿ.

ಇನ್ಶೂರೆನ್ಸ್‌ನಿಂದ ರಿಪೇರಿ ಆಗಲ್ವಾ?

ಸವೆತಕ್ಕೆ, ತಾನಾಗಿ ಕೆಟ್ಟಿದ್ದಕ್ಕೆ ಸಿಗುವುದಿಲ್ಲ. ಅಪಘಾತ, ಬೆಂಕಿ, ನೆರೆ ಇಂಥವುಗಳಿಂದ ಆದ ಹಾನಿಗೆ ಮಾತ್ರ. ಅದರಲ್ಲೂ ರಬ್ಬರ್, ಪ್ಲಾಸ್ಟಿಕ್ ಭಾಗಕ್ಕೆ ಅರ್ಧ ಕಡಿತ. ಹತ್ತು ವರ್ಷ ದಾಟಿದ ಕಾರಿನ ಕಬ್ಬಿಣದ ಭಾಗಕ್ಕೂ ಅರ್ಧ.

ಐದು ವರ್ಷ ದಾಟಿದ ಕಾರಿನ ಐಡಿವಿ (ಪಾಲಿಸಿಯಲ್ಲಿ ಬರೆದ ಕಾರಿನ ಬೆಲೆ) ನಿಮ್ಮ ಮತ್ತು ಕಂಪನಿಯ ಒಪ್ಪಂದದ ಮೇಲೆ ನಿಲ್ಲುತ್ತದೆ. ಪ್ರೀಮಿಯಂ ಕಮ್ಮಿ ಆಗಲಿ ಎಂದು ಅದನ್ನು ತೀರಾ ಇಳಿಸಬೇಡಿ. ರಿಪೇರಿ ಖರ್ಚು ಐಡಿವಿಯ 75 ಪರ್ಸೆಂಟ್ ದಾಟಿದರೆ ಟೋಟಲ್ ಲಾಸ್ ಅನ್ನುತ್ತಾರೆ. ಐಡಿವಿ 1,60,000 ಇದ್ದರೆ 1,20,000ಕ್ಕೇ ಆ ಗೆರೆ ಬಂತು. ನೀವು ಮುದ್ದಿನಿಂದ ಇಟ್ಟ ಕಾರು ಒಂದು ಗುದ್ದಿಗೆ ಗುಜರಿ ಆಗಬಹುದು.

ಮಾರಿದರೆ ನೋ ಕ್ಲೇಮ್ ಬೋನಸ್ ಬಿಟ್ಟುಕೊಡಬೇಡಿ. ಅದು ಕಾರಿನದಲ್ಲ, ನಿಮ್ಮದು. ಪತ್ರ ಬರೆಸಿಕೊಂಡರೆ ಮುಂದಿನ ಕಾರಿಗೆ ಬರುತ್ತದೆ.

ಊರಲ್ಲಿ ತಮ್ಮ ಕೇಳುತ್ತಿದ್ದಾನೆ. ಅವನಿಗೆ ಕೊಟ್ಟುಬಿಡಲಾ?

ಕೊಡಿ, ಆದರೆ ಕಾಗದ ಸರಿ ಮಾಡಿ ಕೊಡಿ. ಎಂಎಚ್-12, ಅಂದರೆ ಪುಣೆ ನಂಬರಿನ ಕಾರು ಕರ್ನಾಟಕದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇದ್ದರೆ ಅಲ್ಲಿ ನೋಂದಣಿ ಮಾಡಿಸಬೇಕು. ಇಲ್ಲಿಂದ ಫಾರ್ಮ್ 28ರ ಎನ್ಒಸಿ, ಅಲ್ಲಿ ತೆರಿಗೆ. ಮಾಲೀಕರ ಹೆಸರು ಬದಲಿಸಲು ಫಾರ್ಮ್ 29, 30. "ಮನೆಯವನೇ ಅಲ್ವಾ, ಆಮೇಲೆ ಮಾಡಿಸಿದರಾಯ್ತು" ಎಂದು ಬಿಡಬೇಡಿ. ಆರ್‌ಸಿಯಲ್ಲಿ ಹೆಸರಿದ್ದವರೇ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾರು ಬೆಳಗಾವಿಯಲ್ಲಿ ಯಾರಿಗಾದರೂ ತಾಗಿದರೆ ನೋಟಿಸ್ ಕೋಥ್ರೂಡಿಗೆ ಬರುತ್ತದೆ.

ಇನ್ನೊಂದು ಮಾತು. ನಿಮಗೇ ಬೇಡವಾದ ಟರ್ಬೊ ಕಾರಿಗೆ ಊರಿನಲ್ಲಿ ಮೆಕ್ಯಾನಿಕ್ ಸಿಗುತ್ತಾರಾ ಎಂದು ಮೊದಲು ಕೇಳಿ. ತಮ್ಮನ ತಲೆ ಮೇಲೆ ಖರ್ಚು ಹೊರಿಸಿದ ಹಾಗಾಗಬಾರದು.

ಹಿಂದಿನ ಮಾಲೀಕರು ರೀಮ್ಯಾಪ್ ಮಾಡಿಸಿ (ಇಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ), ಸ್ಪ್ರಿಂಗ್ ಕತ್ತರಿಸಿ ಕಾರನ್ನು ತಗ್ಗಿಸಿದ್ದಾರೆ. ಪರವಾಗಿಲ್ವಾ?

ಕತ್ತರಿಸಿದ ಸ್ಪ್ರಿಂಗ್ ಅಪಾಯ, ಮೊದಲು ಬದಲಿಸಿ. ರೀಮ್ಯಾಪ್ ಇದ್ದರೆ ಕಂಪನಿ ಸೆಟ್ಟಿಂಗ್‌ಗೆ ತಂದು, ಆಮೇಲೆ ಇಂಜಿನ್ ಪರೀಕ್ಷೆ ಮಾಡಿಸಿ. ಇಲ್ಲದಿದ್ದರೆ ಯಾವ ತೊಂದರೆ ಯಾವುದರಿಂದ ಎಂದು ತಿಳಿಯುವುದಿಲ್ಲ.

ಯಾವಾಗ "ಸಾಕು" ಅನ್ನಬೇಕು?

ಬಾಡಿ ಟೊಳ್ಳಾಗಿದ್ದರೆ, ಡ್ಯಾಶ್‌ಬೋರ್ಡ್‌ವರೆಗೆ ನೀರು ಬಂದಿದ್ದರೆ, ಇಂಜಿನ್ ಮತ್ತು ಗೇರ್‌ಬಾಕ್ಸ್ ಒಂದೇ ವರ್ಷ ಕೈಕೊಟ್ಟರೆ ಸಾಕು ಅನ್ನಿ. ಇನ್ನೊಂದು ಕಾರಣಕ್ಕೂ ನಾನು ಮಾರಿಸಿದ್ದೇನೆ. ವಾಕಡ್‌ನ ಗೆಳೆಯನ ಕಾರಿಗೆ ಏರ್‌ಬ್ಯಾಗೂ ಇರಲಿಲ್ಲ, ಎಬಿಎಸ್ಸೂ ಇರಲಿಲ್ಲ. ಇಂಜಿನ್ ಗಡಿಯಾರದ ಹಾಗಿತ್ತು. ಎಬಿಎಸ್ ಎಲ್ಲ ಹೊಸ ಕಾರಿಗೂ ಕಡ್ಡಾಯ ಆಗಿದ್ದು 2019ರಲ್ಲಿ, ಅದಕ್ಕಿಂತ ಹಿಂದಿನ ಅಗ್ಗದ ವೇರಿಯಂಟ್‌ಗಳಲ್ಲಿ ಇರುತ್ತಿರಲಿಲ್ಲ. ಅವನಿಗೆ ಮಗು ಹುಟ್ಟಿತ್ತು, ತಿಂಗಳಿಗೊಮ್ಮೆ ಹೈವೇ ಮೇಲೆ ಹುಬ್ಬಳ್ಳಿಗೆ ಹೋಗುತ್ತಿದ್ದ. "ಮಾರಪ್ಪಾ" ಅಂದೆ. ಅವನಿಗೆ ಬೇಜಾರಾಯಿತು, ನನಗೂ ಆಯಿತು. ಆದರೂ ಆ ಮಾತಿಗೆ ನಾನು ಇವತ್ತಿಗೂ ಬದ್ಧ.

ಗುಜರಿಗೆ ಹಾಕುವುದಾದರೆ ಸರ್ಕಾರ ಮಾನ್ಯ ಮಾಡಿದ ಸ್ಕ್ರ್ಯಾಪಿಂಗ್ ಕೇಂದ್ರಕ್ಕೇ ಕೊಡಿ. ಅಲ್ಲಿ ಸರ್ಟಿಫಿಕೇಟ್ ಆಫ್ ಡೆಪಾಸಿಟ್ ಕೊಡುತ್ತಾರೆ. ಹೊಸ ಕಾರು ತಗೊಳ್ಳುವಾಗ ರಸ್ತೆ ತೆರಿಗೆಯಲ್ಲಿ ರಾಜ್ಯ ನಿಗದಿ ಮಾಡಿದಷ್ಟು ರಿಯಾಯಿತಿ ಸಿಗುತ್ತದೆ. ಆರ್‌ಸಿ ರದ್ದು ಮಾಡಿಸಿಕೊಳ್ಳುವುದನ್ನು ಮರೆಯಬೇಡಿ.

ಕಾರಿನ ಮೇಲೆ ಪ್ರೀತಿ ಇದೆ. ಅದು ಲೆಕ್ಕಕ್ಕೆ ಬರುತ್ತಾ?

ಬರುತ್ತದೆ, ಆದರೆ ಅದಕ್ಕೂ ಒಂದು ಅಂಕಿ ಹಾಕಿ. ಮನೆಯಲ್ಲಿ ಕೂತು ಮಾತಾಡಿ. ನಮ್ಮ ಮನೆಯವಳು ಕೇಳಿದ್ದು ಇದನ್ನೇ: "ರೀ, ವರ್ಷಕ್ಕೆ ಎಷ್ಟಾದರೆ ನಿಮಗೆ ಜಾಸ್ತಿ ಅನ್ಸುತ್ತೆ?" ಸರ್ವಿಸ್, ಟೈರು ಬಿಟ್ಟು 40,000 ಅಂದೆ. ಅದನ್ನು ಡೈರಿಯಲ್ಲಿ ಬರೆದಿಟ್ಟಿದ್ದೇವೆ. 2023ರಲ್ಲಿ ಅದು ದಾಟಿತು, ಗೊತ್ತಿದ್ದೇ ದಾಟಿಸಿದೆವು. ಆಮೇಲೆ ದಾಟಿಲ್ಲ. ತಾಮ್ಹಿಣಿ ಘಾಟ್‌ನಲ್ಲಿ ಮಳೆ ನಿಂತ ಮೇಲೆ ಮೂರನೇ ಗೇರಿನಲ್ಲಿ ತಿರುವು ಹಿಡಿದಾಗ ಸ್ಟೀರಿಂಗ್ ಅಂಗೈಗೆ ರಸ್ತೆಯನ್ನು ತಿಳಿಸುತ್ತದೆ. ನನಗೆ ಅದು ಬೇಕು, ಅದಕ್ಕೆ ದುಡ್ಡು ಕೊಡುತ್ತೇನೆ.

ರಿಪೇರಿ ಆಗಿ ಕಾರು ಕೈಗೆ ಬಂದ ದಿನ ಏನು ಮಾಡಬೇಕು?

ಬಿಚ್ಚಿದ ಹಳೆಯ ಸಾಮಾನನ್ನು ಚೀಲದಲ್ಲಿ ಹಾಕಿಕೊಡಲು ಮೊದಲೇ ಹೇಳಿರಿ. ಬಿಲ್ಲಿನ ಸಾಲಿಗೂ ಚೀಲದ ಸಾಮಾನಿಗೂ ತಾಳೆ ನೋಡಿ. ಮೆಕ್ಯಾನಿಕ್‌ರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾತ್ರಜ್ ಘಾಟ್‌ವರೆಗೆ ಹೋಗಿ ಬನ್ನಿ. ಏರಿನಲ್ಲಿ ಎಸಿ ಹಾಕಿ, ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿಡಿ. ವಾಪಸ್ ಬಂದು ಐದು ನಿಮಿಷ ಇಂಜಿನ್ ಆನ್ ಇಟ್ಟು, ಫ್ಯಾನ್ ತಾನಾಗಿ ತಿರುಗಿ ನಿಲ್ಲುತ್ತದಾ ನೋಡಿ.

ರಾತ್ರಿ ಕಾರಿನ ಕೆಳಗೆ ಹಳೆಯ ಪೇಪರ್ ಹಾಸಿ ನಿಲ್ಲಿಸಿ. ಬೆಳಗ್ಗೆ ಇಂಜಿನ್ ತಣ್ಣಗಿರುವಾಗ ಪೇಪರ್ ಮೇಲೆ ಹನಿ ಬಿದ್ದಿದೆಯಾ, ಕೂಲಂಟ್ ಮಟ್ಟ ಗೆರೆಗೆ ಇದೆಯಾ ನೋಡಿ. ಒಂದು ವಾರ ದಿನಾ ಹೀಗೆ ಮಾಡಿ. ಹೆಡ್ ಇಳಿಸಿದ್ದರೆ ಮೊದಲ ಸಾವಿರ ಕಿಲೋಮೀಟರ್ ಆದ ಮೇಲೆ ಆಯಿಲ್, ಫಿಲ್ಟರ್ ಬದಲಿಸಿ, ಹೋಸ್ ಕ್ಲಿಪ್‌ಗಳನ್ನು ಒಮ್ಮೆ ಬಿಗಿ ಮಾಡಿಸಿ. ಅಲ್ಲಿಯವರೆಗೆ ಊರಿಗೆ ಹೋಗುವುದಿದ್ದರೆ ಬಸ್ಸು ಹಿಡಿಯಿರಿ.